ಶನಿವಾರಕ್ಕೆ ಕಾಯದ ಮಗಳು

ಸಣ್ಣ ಮಕ್ಕಳ ನಡುವೆ ಕೆಲಸ ಮಾಡೋರಿಗೆ ದಿನಕ್ಕೊಂದು ಸಲವಾದರೂ ಮರ್ಯಾದೆ ಹೋಗೋದು ಗ್ಯಾರಂಟಿ. ಹೋಗಲಿಲ್ಲ ಅಂದ್ರೆ ಅವತ್ತು ರಜೆ ಅಂತ ತಿಳ್ಕೊಳ್ಳಿ. ನಾನು ಜಗಳೂರು ತಾಲ್ಲೂಕಿನಲ್ಲಿ ಅಂಗನವಾಡಿಗಳ ಸೂಪರ್‌ವೈಸರ್. ಕೂಸು ಯಾವ ತಿಂಗಳಿಗೆ ಕೂರಬೇಕು, ಯಾವಾಗ ನಿಲ್ಲಬೇಕು, ಯಾವಾಗ ನಾಲ್ಕು ಮಾತಾಡಬೇಕು ಅಂತ ಊರೂರಿಗೆ ಹೋಗಿ ಪರೀಕ್ಷೆ ಮಾಡೋದು ನನ್ನ ಕೆಲಸ.

ನನ್ನ ಸ್ವಂತ ಕೂಸು ಮಾತ್ರ ಚನ್ನಗಿರಿಯಲ್ಲಿ, ನಮ್ಮತ್ತೆ ಹತ್ತಿರ. ಹೆರಿಗೆ ರಜೆ ಮುಗಿದಾಗ ಬಿಟ್ಟು ಬಂದೆ. ದಿನವೆಲ್ಲ ಹಳ್ಳಿ ಸುತ್ತೋಳು ಆರು ತಿಂಗಳ ಕೂಸನ್ನ ಜಗಳೂರಿನ ಬಾಡಿಗೆ ರೂಮಿನಲ್ಲಿ ಯಾರ ಕೈಗೆ ಕೊಡಲಿ? ಶನಿವಾರ ಸಂಜೆ ಬಸ್ಸು ಹತ್ತಿ ಹೋಗ್ತೀನಿ, ಸೋಮವಾರ ಬೆಳಗ್ಗೆ ವಾಪಸ್ ಬರ್ತೀನಿ. ಊರ ಮಕ್ಕಳದ್ದೆಲ್ಲ ಬರೆದೂ ಬರೆದೂ ಕೈ ಸೋತಿದೆ. ನನ್ನ ಮಗಳು ಏನಾದರೂ ಒಂದನ್ನ ಮೊದಲ ಸಲ ಮಾಡೋದನ್ನ ನಾನೇ ಎದುರಿಗೆ ಕೂತು ನೋಡಬೇಕು ಅನ್ನೋದೊಂದೇ ಆಸೆ ಉಳಿದಿತ್ತು.

೧. ಚಪ್ಪಲಿ

ಬಿಳಿಚೋಡು ಕಡೆಯ ಒಂದು ಅಂಗನವಾಡಿ. ಎರಡು ವರ್ಷದ ಮಕ್ಕಳ ಪರೀಕ್ಷೆ, ತಾಯಂದಿರೆಲ್ಲ ಬಂದು ಕೂತಿದ್ದರು. ಕುರಿ ಕಾಯೋರ ಮನೆಯ ಒಬ್ಬ ಪೋರ ನನ್ನೆದುರು ಗುಮ್ಮನಂಗೆ ನಿಂತಿದ್ದ. "ಮೂಗೆಲ್ಲಿ ಐತೆ ತೋರ್ಸು ಮರಿ" ಅಂದೆ. ಸುಮ್ಮನಿದ್ದ. "ಕಿವಿ ಎಲ್ಲಿ?" ಅದಕ್ಕೂ ಸುಮ್ಮನೆ. ಮರದ ತುಂಡು ಒಂದರ ಮೇಲೊಂದು ಇಡು ಅಂದರೆ ಎರಡು ತುಂಡು ತಗೊಂಡು ಚಡ್ಡಿ ಜೇಬಿಗೆ ಹಾಕಿಕೊಂಡ.

"ಮನ್ಯಾಗೆ ಎಲ್ಲಾ ತೋರ್ಸ್ತಾನ್ರೀ ಮೇಡಂ, ಹೊಸಬ್ರು ಅಂದ್ರೆ ಹಿಂಗೆ" ಅಂದಳು ಅವನ ತಾಯಿ.

ಅಂಗನವಾಡಿ ಟೀಚರಮ್ಮ "ಹೌದು ಮೇಡಂ, ಚುರುಕು ಹುಡುಗ. ಬರ್ತೈತೆ ಅಂತ ಬರ್ಕೊಂಡ್ಬಿಡ್ಲಾ?" ಅಂದರು.

ನನಗೆ ಇಂಥದ್ದು ಕೇಳಿದರೆ ಮೈ ಉರಿಯುತ್ತೆ. "ಅವರು ಹೇಳಿದ್ರು, ಇವರು ಹೇಳಿದ್ರು ಅಂತ ಬರೆಯಂಗಿಲ್ಲ. ಕಣ್ಣಾರೆ ಕಂಡಿದ್ದನ್ನಷ್ಟೇ ಬರೀಬೇಕು" ಅಂತ ಎಲ್ಲರೆದುರು ಒಂದು ಸಣ್ಣ ಭಾಷಣ ಬಿಗಿದೆ.

ಭಾಷಣ ಮುಗಿಯುವಷ್ಟರಲ್ಲಿ ಪೋರ ಹೊರಗೆ ಹೋದ. ಬಾಗಿಲ ಹತ್ತಿರ ಇಪ್ಪತ್ತು ಜೊತೆ ಚಪ್ಪಲಿ ಬಿದ್ದಿದ್ದವು. ಅದರಲ್ಲಿ ನನ್ನದನ್ನೇ ಹುಡುಕಿ, ಒಂದೊಂದಾಗಿ ಎತ್ತಿ ತಂದು, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ ಜೋಡಿಸಿ, ಮೂತಿಯನ್ನ ರಸ್ತೆ ಕಡೆಗೆ ತಿರುಗಿಸಿಟ್ಟ. ಆಮೇಲೆ ನನ್ನ ಮುಖ ನೋಡಿದ.

ಟೀಚರಮ್ಮ ಪೆನ್ನು ಹಿಡಿದು ಮೆಲ್ಲಗೆ ಕೇಳಿದರು: "ಇದನ್ನ ಎಲ್ರೂ ಕಣ್ಣಾರೆ ಕಂಡ್ವಿ ಮೇಡಂ. ಯಾವ ಕಾಲಂನಾಗೆ ಬರೀಲಿ?"

೨. ಒಳ್ಳೆ ಲಕ್ಷಣ

ಹೊನ್ನಾಳಿಯಲ್ಲಿ ಟೀಚರಮ್ಮಗಳಿಗೆ ಒಂದು ತರಬೇತಿ ಇತ್ತು, ಬುಧವಾರ. "ಎಂಟು ತಿಂಗಳ ಹೊತ್ತಿಗೆ ಕೂಸು ಹೊಸಬರನ್ನ ಕಂಡರೆ ಅಳುತ್ತೆ. ಗಾಬರಿಯಾಗಬೇಡಿ. ತನ್ನವರು ಯಾರು, ಹೊರಗಿನವರು ಯಾರು ಅಂತ ಅದಕ್ಕೆ ಗೊತ್ತಾಗ್ತಿದೆ. ಇದು ಬುದ್ಧಿ ಬೆಳೀತಿರೋ ಒಳ್ಳೆ ಲಕ್ಷಣ" ಅಂತ ಚೆನ್ನಾಗಿ ಮಾತಾಡಿದೆ. ಹಿಂದಿನ ಭಾನುವಾರ ಇದನ್ನೇ ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದೆ. ನಮ್ಮತ್ತೆ ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡಿದ್ದರು.

ತರಬೇತಿ ಬೇಗ ಮುಗಿಯಿತು. ಅಲ್ಲಿಂದ ಚನ್ನಗಿರಿ ಏನು ಮಹಾ ದೂರ? ವಾರದ ನಡುವೆ ಮಗಳನ್ನ ನೋಡೋ ಭಾಗ್ಯ ಸಿಕ್ಕಿತಲ್ಲ ಅಂತ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಓಡಿ ಬಂದು ಬಾಗಿಲಲ್ಲೇ ಕೈ ಚಾಚಿದೆ. ನನ್ನ ಮಗಳು ನನ್ನನ್ನ ಮೇಲಿಂದ ಕೆಳಗೆ ನೋಡಿದಳು, ತುಟಿ ಸೊಟ್ಟ ಮಾಡಿದಳು, ಅತ್ತೆಯ ಕುತ್ತಿಗೆ ತಬ್ಬಿ ಕಿರುಚಿಕೊಂಡಳು.

ನನಗೂ ಅಳು ಬಂತು, ಗಳಗಳನೆ ಅತ್ತುಬಿಟ್ಟೆ. ನಮ್ಮತ್ತೆಗೆ ಪಾಪ ಅನ್ನಿಸಿರಬೇಕು. ಒಂದು ಕೈಲಿ ಕೂಸಿನ ಬೆನ್ನು, ಇನ್ನೊಂದು ಕೈಲಿ ನನ್ನ ಬೆನ್ನು ಸವರುತ್ತ ಸಮಾಧಾನ ಮಾಡಿದರು: "ಅಳಬ್ಯಾಡವ್ವ. ನೀನೇ ಓದಿದ್ಯಲ್ಲ, ಇದು ಒಳ್ಳೆ ಲಕ್ಷಣ."

೩. ಬಿಟ್ಟು ಬಂದ ಸೀರೆ

ಅದಾದ ಮೇಲೆ ನಮ್ಮತ್ತೆ ಒಂದು ಉಪಾಯ ಹುಡುಕಿದರು. "ನೀನು ಉಟ್ಟ ಸೀರೆ ಒಗೀಬ್ಯಾಡ, ಹಂಗೇ ಬಿಟ್ಟು ಹೋಗು. ನಿನ್ನ ವಾಸನೆ ಇದ್ರೆ ಕೂಸು ನಿನ್ನ ಮರೆಯಲ್ಲ" ಅಂದರು. ಅಂದಿನಿಂದ ಪ್ರತಿ ಸೋಮವಾರ ಒಂದು ಸೀರೆ ಬಿಟ್ಟು ಬರ್ತೀನಿ. ಮಗಳನ್ನ ಮಲಗಿಸುವಾಗ ಅವರು ಅದನ್ನ ಉಟ್ಟುಕೊಳ್ತಾರೆ. ಸೀರೆಗೆ ಸಿಕ್ಕ ಪುಣ್ಯ ನನಗಿಲ್ಲವಲ್ಲ ಅಂತ ಜಗಳೂರಿನ ರೂಮಿನಲ್ಲಿ ಎಷ್ಟು ಸಲ ಹೊಟ್ಟೆ ಉರಿದಿದೆಯೋ ಲೆಕ್ಕವಿಲ್ಲ.

ಒಂದು ಗುರುವಾರ ಮಧ್ಯಾಹ್ನ ನಮ್ಮೆಜಮಾನ್ರು ಅಡಿಕೆ ಮಂಡಿಯಿಂದ ಊಟಕ್ಕೆ ಬಂದಿದ್ದಾರೆ. ಅಡುಗೆಮನೆಯಲ್ಲಿ ನನ್ನ ಅರಿಶಿನ ಬಣ್ಣದ ಹೂವಿನ ಸೀರೆ, ಸೆರಗು ತಲೆ ಮೇಲೆ, ಹಿಂದಿನಿಂದ ಕಂಡಿದೆ. ನನಗೆ ಯಾವತ್ತೂ ಆಡದಷ್ಟು ಮೆತ್ತಗಿನ ದನಿಯಲ್ಲಿ "ಯಾವಾಗ ಬಂದ್ಯೇ ಚಿನ್ನಾ?" ಅಂದಿದ್ದಾರೆ.

ನಮ್ಮತ್ತೆ ತಿರುಗಿ, ಸಾರಿನ ಸೌಟು ಹಿಡಿದೇ ಹೇಳಿದರಂತೆ: "ನಾನು ಈ ಮನೆಗೆ ಬಂದು ನಲವತ್ತು ವರ್ಷ ಆತಪ್ಪ. ಕೈ ತೊಳ್ಕೊ."

೪. ಮೊದಲ ಹೆಜ್ಜೆ

ಮೊದಲ ಹಲ್ಲು ಬಂದದ್ದು ಮಂಗಳವಾರ. ನಮ್ಮ ಮನೆಯಲ್ಲಿ ಕೂಸು ಮೊದಲ ಸಲ ಅಂಬೆಗಾಲಲ್ಲಿ ಹೊಸ್ತಿಲು ದಾಟಿದರೆ ಕಾಯಿ ಒಡೆದು ಹೋಳಿಗೆ ಹಂಚುತ್ತಾರೆ. ಅದನ್ನ ದಾಟಿದ್ದು ಗುರುವಾರ. ನನ್ನ ಪಾಲಿನ ಎರಡು ಹೋಳಿಗೆ ಬಸ್ಸಿನ ಕಂಡಕ್ಟರ್ ಕೈಲಿ ಜಗಳೂರಿಗೆ ಬಂದವು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ತಿಂದೆ. ಚೆನ್ನಾಗಿದ್ದವು.

ಫೋನ್ ಮಾಡಿ ಹೇಳಿದೆ: "ಅತ್ತೆಮ್ಮ, ನಡೆಯೋದನ್ನಾದ್ರೂ ನಾನು ನೋಡಬೇಕು. ಶನಿವಾರದ ತನಕ ಹೆಂಗಾದ್ರೂ ತಡೀರಿ."

"ಕೂಸೇನು ಬಸ್ಸೇನವ್ವ, ಕೈ ಅಡ್ಡ ಹಾಕಿ ನಿಲ್ಸಾಕೆ?" ಅಂದರು. ಫೋನ್ ಇಡೋ ಮುಂಚೆ "ನೋಡನ" ಅಂದರು.

ಅದಾಗಿ ಎರಡು ತಿಂಗಳಿಗೆ ಒಂದು ಶನಿವಾರ ಹೋದಾಗ ಬಾಗಿಲಲ್ಲೇ "ಇನ್ನೂ ನಡೆದಿಲ್ಲ ನೋಡು, ನಿನಗೇ ಕಾಯ್ತಾಳೆ" ಅಂದರು. ನನ್ನನ್ನ ನಡುಮನೆಯಲ್ಲಿ ಕೂರಿಸಿ ಮಗಳನ್ನ ಗೋಡೆಗೆ ಆನಿಸಿ ನಿಲ್ಲಿಸಿದರು. ಅವಳು ಕೈ ಬಿಟ್ಟಳು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ, ಬಂದು ನನ್ನ ಮಡಿಲಿಗೆ ಬಿದ್ದಳು. "ಅಯ್ಯೋ ಶಿವನೇ, ನಡೆದೇ ಬಿಟ್ಲು" ಅಂತ ನಮ್ಮತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ.

ಮಗಳು ಮಡಿಲಿಂದ ಎದ್ದಳು. ತನಗೆ ತಾನೇ ಮೂರು ಸಲ ಚಪ್ಪಾಳೆ ತಟ್ಟಿಕೊಂಡಳು. ಆಮೇಲೆ ಬಂದ ದಾರಿಯಲ್ಲೇ ದಡದಡ ನಡೆದು ಅಡುಗೆಮನೆಗೆ ಹೋಗಿ, ಬೆಲ್ಲದ ಡಬ್ಬಿ ಎದುರು ನಿಂತು, ಅಜ್ಜಿ ಕಡೆ ಕೈ ಚಾಚಿದಳು.

ನಾನು ಅತ್ತೆಯ ಮುಖ ನೋಡಿದೆ. ಅವರು ಸೂರಿನ ಕಡೆ ನೋಡಿದರು.

"ಎಷ್ಟು ದಿನ ಆತು ಅತ್ತೆಮ್ಮ?"

"ಸೋಮವಾರ, ನಿನ್ನ ಬಸ್ಸು ಹೋಗಿ ಅರ್ಧ ಗಂಟೆಗೆ" ಅಂದರು. "ನಿನ್ನೆದುರು ಎಡವಬಾರ್ದು ಅಂತ ದಿನಾ ರೂಢಿ ಮಾಡ್ಸಿದೆ. ನಡೆದು ಬಂದಾಗೆಲ್ಲ ಚಪ್ಪಾಳೆ ತಟ್ಟಿ ಬೆಲ್ಲ ಕೊಟ್ಟೆ."

ನಗಲೋ ಅಳಲೋ ತಿಳಿಯದೆ ದೇವರ ಪಟದ ಹಿಂದಿನಿಂದ ಅವಳ ಬೆಳವಣಿಗೆ ಬರೆದಿಡೋ ತಾಯಿ ಕಾರ್ಡು ತೆಗೆದೆ. "ಮೊದಲ ಹೆಜ್ಜೆ" ಅನ್ನೋ ಸಾಲು ಖಾಲಿ ಇತ್ತು. ಸೋಮವಾರದ ತಾರೀಖು ಬರೀಬೇಕು ಅಂತ ಪೆನ್ನು ಎತ್ತಿದೆ, ಮನಸ್ಸು ಬರದೆ ಕೆಳಗಿಟ್ಟೆ.

ನಮ್ಮತ್ತೆ ಪಕ್ಕ ಬಂದು ಕೂತರು. "ಊರವರಿಗೆಲ್ಲ ಬೈತೀನಿ ಅಂತ ನೀನೇ ಹೇಳಿದ್ಯಲ್ಲ, ಅವರು ಹೇಳಿದ್ರು ಇವರು ಹೇಳಿದ್ರು ಅಂತ ಬರೆಯಂಗಿಲ್ಲ, ಕಣ್ಣಾರೆ ಕಂಡಿದ್ದನ್ನಷ್ಟೇ ಬರೀಬೇಕು ಅಂತ. ಸೋಮವಾರದ್ದು ನಾನು ಹೇಳಿದ ಮಾತು. ನೀನು ಕಣ್ಣಾರೆ ಕಂಡಿದ್ದು ಇವತ್ತು. ಇವತ್ತಂತ ಬರಿ."

ಕಾನೂನು ಕಾನೂನೇ. ಶನಿವಾರದ ತಾರೀಖು ಬರೆದೆ. ಅಡುಗೆಮನೆಯಲ್ಲಿ ಮಗಳು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಳು. ನನ್ನೆದುರಿನ ಒಂದು ಮೊದಲ ಸಲಕ್ಕೆ ಅಂತ ಆರು ದಿನ ದುಡಿದವಳಲ್ಲವಾ, ಬೆಲ್ಲ ನಾನೇ ಕೊಟ್ಟೆ.