ದಯವಿಟ್ಟು ಗಮನಿಸಿ, ನನ್ನ ಕೈಲಿ ಇಷ್ಟೇ ಆಗೋದು!

ಈ ಊರಿನಲ್ಲಿ ನನ್ನ ಮಾತಿಗಿರುವ ತೂಕ ಬೇರೆ ಯಾರ ಮಾತಿಗೂ ಇಲ್ಲ! ನಾನು ಬಾಯಿ ಬಿಟ್ಟರೆ ಸಾವಿರ ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ಹೆದರಬೇಡಿ, ನಾನು ರೌಡಿಯಲ್ಲ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವವನು. ಅಂಥ ನಾನು ಅವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಶಪಥ ಮಾಡಿದೆ: "ಇವತ್ತು ಗೆಳೆಯರಿಗೆ ಖಡಾಖಂಡಿತವಾಗಿ ಹೇಳಿಬಿಡ್ತೀನಿ, ನನ್ನ ಕೈಲಿ ಇಷ್ಟೇ ಆಗೋದು ಅಂತ!"

"ಹೋದ ತಿಂಗಳೂ ಇದನ್ನೇ ಹೇಳಿದ್ರಿ," ಎಂದಳು ಹೆಂಡತಿ, ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜುತ್ತ. ಮಿಕ್ಸಿ ಕೆಟ್ಟು ಎರಡು ತಿಂಗಳಾಗಿತ್ತು. "ಹೊಸ ಮಿಕ್ಸಿಗೆ ಅಂತ ಎತ್ತಿಟ್ಟ ದುಡ್ಡು ಜೋಪಾನವಾಗಿದೆ ತಾನೇ?"

"ಬೀರುವಿನಲ್ಲಿ ಬೆಚ್ಚಗಿದೆ!" ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಅದು ಬೀರುವಿನಲ್ಲಿರಲಿಲ್ಲ. ಹೋದ ತಿಂಗಳೇ ದೊಡ್ಡ ಹೋಟೆಲಿನ ಊಟದಲ್ಲಿ ಕರಗಿಹೋಗಿತ್ತು. ನಾವು ಮೂವರು ಗೆಳೆಯರು: ನಾನು, ನಿಲ್ದಾಣದ ಟಿಕೆಟ್ ಕೌಂಟರಿನವನು, ಅಲ್ಲಿಯ ಗ್ಯಾರೇಜಿನ ಮೆಕ್ಯಾನಿಕ್. ಯಾರು ಖರ್ಚಿನ ಮಾತೆತ್ತಿದರೂ ನನ್ನ ಬಾಯಿಂದ ಬರುವುದು ಒಂದೇ: "ಅದಕ್ಕೇನಂತೆ!" ಈ ಸಲ ಸಮುದ್ರದ ದಡದ ರೆಸಾರ್ಟಿನಲ್ಲಿ ಮೂರು ದಿನ, ತಲೆಗೆ ಹತ್ತು ಸಾವಿರ ಎಂದಾಗಲೂ "ಅದಕ್ಕೇನಂತೆ!" ಎಂದಿದ್ದೆ. ಆಗಲ್ಲ ಎಂದರೆ ಹದಿನೈದು ವರ್ಷದ ಸ್ನೇಹ ಹೋಗಿಬಿಡುತ್ತದೆ ಎಂಬ ಹೆದರಿಕೆ.

ಮೂರು ಗಂಟೆಗೆ ಟೀ ಕುಡಿಯುವಾಗ ಹೇಳಬೇಕು. ಎರಡೂವರೆಗೇ ಮೈಕಿರುವ ನನ್ನ ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು ತಾಲೀಮು ಶುರು ಮಾಡಿದೆ. ಮಾಮೂಲಿ ಧ್ವನಿಯಲ್ಲಿ ಹೇಳಿ ನೋಡಿದರೆ ಜ್ವರ ಬಂದವನು ನರಳಿದ ಹಾಗಿತ್ತು. ಸರಿ, ಕೆಲಸದ ಧ್ವನಿಯನ್ನೇ ಹೊರತೆಗೆದೆ.

"ದಯವಿಟ್ಟು ಗಮನಿಸಿ!" ಆಹಾ, ಏನು ಗಾಂಭೀರ್ಯ! "ಗೆಳೆಯರೇ, ಸಮುದ್ರದ ಪ್ರವಾಸಕ್ಕೆ ನನ್ನ ಹತ್ತಿರ ಇರುವುದು ಒಂದು ಸಾವಿರ ಮಾತ್ರ. ಹೋದ ತಿಂಗಳ ಊಟಕ್ಕೆ ಕೊಟ್ಟದ್ದು ಹೆಂಡತಿಯ ಮಿಕ್ಸಿಯ ದುಡ್ಡು. ಇಷ್ಟು ವರ್ಷ ಅದಕ್ಕೇನಂತೆ ಅಂದದ್ದೆಲ್ಲ ಬರೀ ಬಡಾಯಿ!"

ಪ್ರಕಟಣೆಯನ್ನು ಎರಡು ಸಲ ಹೇಳಬೇಕೆಂಬುದು ನಿಲ್ದಾಣದ ನಿಯಮ. ಒಂದಕ್ಷರ ಬಿಡದೆ ಇನ್ನೊಮ್ಮೆ ಹೇಳಿದೆ.

ಆಮೇಲೆ ಮೈಕಿನ ಕೆಂಪು ದೀಪ ಉರಿಯುತ್ತಿರುವುದು ಕಣ್ಣಿಗೆ ಬಿತ್ತು. ಹನ್ನೆರಡು ವರ್ಷದ ಅಭ್ಯಾಸ ನೋಡಿ! ಬಾಯಿ "ದಯವಿಟ್ಟು ಗಮನಿಸಿ" ಎಂದ ಕೂಡಲೇ ಬೆರಳು ನನ್ನನ್ನು ಕೇಳದೆ ಮೈಕಿನ ಗುಂಡಿ ಒತ್ತಿತ್ತು.

ಗಾಜಿನಾಚೆ ನೋಡಿದೆ. ಅಬ್ಬಾ! ಇಡೀ ನಿಲ್ದಾಣ ನಿಂತುಬಿಟ್ಟಿತ್ತು! ಹಾರ್ನ್ ಇಲ್ಲ, ಕೂಗಾಟವಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಇನ್ನೊಂದನ್ನು ಎತ್ತಿರಲಿಲ್ಲ. ಎಲ್ಲರ ಮುಖವೂ ಸ್ಪೀಕರಿನ ಕಡೆಗೆ. ಇಷ್ಟು ವರ್ಷ ನಾನು ಏನು ಹೇಳಿದರೂ "ಏನಂದ್ರು?" ಎಂದು ಪಕ್ಕದವರನ್ನು ಕೇಳುತ್ತಿದ್ದ ಜನ! ನನ್ನ ಮೈ ಜುಮ್ಮೆಂದಿತು. ಒಂದು ನಿಜಕ್ಕೆ ಇಷ್ಟು ಶಕ್ತಿಯಿದೆಯೇ ಎಂದು ಬೆರಗಾಗಿ, ಅವಮಾನಪಡುವುದನ್ನೂ ಮರೆತು ನಿಂತೆ.

ಬಾಗಿಲು ಧಡಾರೆಂದು ತೆರೆಯಿತು. ಮೆಕ್ಯಾನಿಕ್, ಕೈತುಂಬ ಗ್ರೀಸು. ಹಿಂದೆ ಕೌಂಟರಿನವನು. ಮುಗಿಯಿತು ಸ್ನೇಹ ಎಂದುಕೊಂಡೆ.

"ಲೋ, ನಿನ್ನ ಹತ್ರ ಸಾವಿರ ಆದ್ರೂ ಇದೆ. ನನ್ನ ಹತ್ರ ಅದೂ ಇಲ್ಲ ಕಣೋ!" ಎಂದು ಮೆಕ್ಯಾನಿಕ್ ಗ್ರೀಸಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡ.

"ನಾನು ಗಡಿಯಾರ ಮಾರೋಣ ಅಂತಿದ್ದೆ," ಎಂದ ಕೌಂಟರಿನವನು. "ನೀನು ಅದಕ್ಕೇನಂತೆ ಅಂದ್ಮೇಲೆ ನಾವು ಹೇಗೋ ಇಲ್ಲ ಅನ್ನೋದು?"

ಕಣ್ಣು ತುಂಬಿ ಬಂತು. ಎರಡೇ ನಿಮಿಷದಲ್ಲಿ ಸಮುದ್ರ ರದ್ದಾಯಿತು. ಭಾನುವಾರ ಊರಾಚೆಯ ಕೆರೆ ದಂಡೆ, ಮನೆಮನೆಯ ಬುತ್ತಿ ಎಂದು ತೀರ್ಮಾನವಾಯಿತು.

ಸಂಜೆ ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. "ಹೇಳಿಬಿಟ್ಟೆ ಕಣೇ! ಏನು ಧೈರ್ಯ ಅಂತೀಯ!"

"ಗೊತ್ತು. ಹೇಳಿದ್ದು ಒಳ್ಳೇದೇ ಆಯ್ತು."

"ಗೊತ್ತಾ? ಯಾರು ಹೇಳಿದ್ರು?"

"ಹೊಸ ಮಿಕ್ಸಿ ಬೆಲೆ ವಿಚಾರಿಸೋಣ ಅಂತ ಪೇಟೆಗೆ ಹೊರಟಿದ್ದೆ. ಬಸ್ಸಿಗೆ ಕಾಯ್ತಾ ನಿಲ್ದಾಣದಲ್ಲೇ ಕೂತಿದ್ದೆ. ಮೊದಲನೇ ಸಲ ನಂಬಿಕೆ ಬರಲಿಲ್ಲ. ಪುಣ್ಯ, ನೀವು ಎರಡು ಸಲ ಹೇಳಿದ್ರಿ!"

ಅವಳು ಕುಟ್ಟಾಣಿಯನ್ನು ತಂದು ನನ್ನ ಮುಂದಿಟ್ಟಳು. ಪಕ್ಕದಲ್ಲಿ ಒಂದು ಬುಟ್ಟಿ ಬೆಳ್ಳುಳ್ಳಿ.

"ಎಲ್ಲೀವರೆಗೆ ಕುಟ್ಟಬೇಕು?" ಎಂದೆ, ಜ್ವರ ಬಂದವನ ಧ್ವನಿಯಲ್ಲಿ.

"ಮಿಕ್ಸಿ ಬರೋ ತನಕ," ಎಂದಳು. "ಯಾವುದು ಎಷ್ಟು ಹೊತ್ತಿಗೆ ಬರುತ್ತೆ ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ವಾ? ಹೇಳಿ!"