ಬೆಟ್ಟದ ಸೈಕಲ್ಲಿಗೆ ಆಯುಧಪೂಜೆ

ತನಗೆ ವಯಸ್ಸಾಯಿತೆಂಬುದು ಮನುಷ್ಯನಿಗೆ ಅಧಿಕೃತವಾಗಿ ತಿಳಿಯುವುದು, ಅವನಿಗಿಂತ ಚಿಕ್ಕವರು ತಮ್ಮ ಚೀಲಗಳನ್ನು ಅವನ ಪಕ್ಕದಲ್ಲಿಟ್ಟು, "ಹೆಂಗೂ ಇಲ್ಲೇ ಇರ್ತೀರಲ್ಲ ಅಂಕಲ್, ಸ್ವಲ್ಪ ನೋಡ್ಕೊಳ್ತಿರಿ" ಎಂದು ಹೊರಟುಹೋದ ದಿನ. ನಾನು ಇಲ್ಲೇ ಇರುತ್ತೇನೆಂದು ಇವರಿಗೆ ಹೇಳಿದವರು ಯಾರೆಂಬುದು ನನಗೆ ಇನ್ನೂ ಪತ್ತೆಯಾಗಿಲ್ಲ. ಒಂದೆಡೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಮದುವೆಯ ದಿನ ಮಂತ್ರಗಳ ನಡುವೆ ಹಸೆಮಣೆಯಿಂದ ಎದ್ದುಹೋಗಿ, ಚಪ್ಪರದ ಮೂಲೆಗಂಬ ಅಲ್ಲಾಡುತ್ತಿದೆಯೇ ಎಂದು ನೋಡಿ ಬಂದವನು ನಾನು. ಆ ಸಂಗತಿಯನ್ನು ನನ್ನ ಶ್ರೀಮತಿ ವಿಮಲಾ ಇಂದಿಗೂ ಮರೆತಿಲ್ಲ. ಮರೆಯದಿರುವ ವಿಷಯದಲ್ಲಿ ನಾವಿಬ್ಬರೂ ಒಳ್ಳೆಯ ಜೋಡಿ.

ನನ್ನನ್ನು ಮೊದಲು ಕೂರಿಸಿದ ಬೆಂಚು ಅಡಿಲೇಡಿನ ಗ್ಲೆನೆಲ್ಗ್‌ನದು. ವಿಮಲಾಳ ತಂಗಿಯ ಮನೆಗೆ ಹೋಗಿದ್ದಾಗ ಮನೆಮಂದಿಯೆಲ್ಲ ಸಮುದ್ರದ ಬದಿಯ ದಾರಿಯಲ್ಲಿ ಬಾಡಿಗೆ ಸೈಕಲ್ ಹತ್ತಿ ಹೊರಟರು. ನಾನೂ ಒಂದು ಸೈಕಲ್ಲಿನ ಹ್ಯಾಂಡಲ್ಲಿಗೆ ಕೈಹಾಕಿದ್ದೆ. ಅದನ್ನು ನಯವಾಗಿ ಬಿಡಿಸಿ, ಕೈಗೊಂದು ಐಸ್‌ಕ್ರೀಮು ಕೊಟ್ಟು, ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ಎದುರಿನ ಬೆಂಚಿನ ಮೇಲೆ ಕೂರಿಸಿದರು. ಕಾಯಲು ಕೊಟ್ಟದ್ದು, ಅವರು ಬೂಟು ತೊಟ್ಟು ಕಳಚಿಟ್ಟ ಚಪ್ಪಲಿಗಳನ್ನು. ಎರಡನೆಯದು ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ, ಕೆರೆಯ ದಂಡೆಯ ಮೇಲೆ. ಅಲ್ಲಿ ಪರಿಚಯದ ಹುಡುಗರು ಸೈಕಲ್ ಹತ್ತಿ ಹೋದಾಗ ನನ್ನ ವಶಕ್ಕೆ ಬಂದದ್ದು ತಿಂಡಿಯ ಚೀಲ. ಉದ್ದ ಕೊಕ್ಕಿನ ಬಿಳಿಯ ಐಬಿಸ್ ಹಕ್ಕಿಯೊಂದು ಅದರೊಳಗೆ ತಲೆಯಿಟ್ಟು ಬಾಳೆಹಣ್ಣು ಎಳೆಯಿತು. ಕೊಡೆ ಹಿಡಿದು ಅದರೊಡನೆ ಹೋರಾಡಿ ಉಳಿದದ್ದನ್ನು ಕಾಪಾಡಿದೆ. ಸವಾರರು ಮರಳಿ ಬಂದು ಚೀಲ ನೋಡಿ, "ಪರ್ವಾಗಿಲ್ಲ ಬಿಡಿ ಅಂಕಲ್, ಹಸಿವಾಗಿರತ್ತೆ" ಎಂದರು. ಹಕ್ಕಿಯ ಕತೆ ಹೇಳಿದೆ. ಯಾರೂ ನಂಬಲಿಲ್ಲವೆಂಬುದು ಅವರು ತಲೆಯಾಡಿಸಿದ ವೇಗದಲ್ಲೇ ತಿಳಿಯುತ್ತಿತ್ತು.

ಹೀಗೆ ಕೂರಿಸಿಕೊಂಡವನು ಯಾರೆಂಬುದನ್ನೂ ಹೇಳಬೇಕು. ಪಶ್ಚಿಮ ಆಸ್ಟ್ರೇಲಿಯಾದ ಗಣಿಗಳಲ್ಲಿ ಭೂವಿಜ್ಞಾನಿಯಾಗಿ ಕೆಲಸ ಮಾಡಿ, ಕಲ್ಲು ಒಡೆಯುವ ಸುತ್ತಿಗೆ ಹಿಡಿದು ಮೊಲವೂ ಹತ್ತದ ಗುಡ್ಡಗಳನ್ನು ಹತ್ತಿಳಿದವನು ನಾನು. ಅದಕ್ಕೂ ಮುಂಚೆ ಮೈಸೂರಿನಲ್ಲಿ ಓದುವಾಗ ಬಾಡಿಗೆ ಸೈಕಲ್ಲಿನಲ್ಲಿ ಚಾಮುಂಡಿಬೆಟ್ಟ ಇಳಿದವನು. ಆ ಬಾಡಿಗೆ ಸೈಕಲ್ಲುಗಳಿಗೆ ಮುಂದಿನ ಮಡ್‌ಗಾರ್ಡು ಇರುತ್ತಿರಲಿಲ್ಲ. ಬ್ರೇಕು ಇದ್ದರೂ ಹಿಡಿಯುತ್ತಿರಲಿಲ್ಲ. ಚಪ್ಪಲಿಯ ಅಂಗಾಲನ್ನು ಮುಂದಿನ ಟೈರಿಗೆ ಒತ್ತಿ ವೇಗ ತಗ್ಗಿಸುವುದು ನಮ್ಮ ಕಾಲದ ವಿದ್ಯೆ. ನಂದಿಯ ತಿರುವಿನಲ್ಲಿ ಎಡಗಾಲು, ಅದರ ಕೆಳಗೆ ಬಲಗಾಲು. ಮನೆಗೆ ಬಂದಾಗ ಸುಟ್ಟ ರಬ್ಬರಿನ ವಾಸನೆಗೆ ನಮ್ಮ ತಂದೆಯವರಿಗೆ ಎಲ್ಲವೂ ತಿಳಿದುಹೋಗುತ್ತಿತ್ತು.

ನಿವೃತ್ತಿಯ ಬಳಿಕ ನಾವು ಪರ್ತಿನ ಸದರ್ನ್ ರಿವರ್‌ನಲ್ಲಿ, ಮಗಳು ಅಳಿಯಂದಿರ ಮನೆಯ ಹತ್ತಿರವೇ ನೆಲೆಸಿದೆವು. ಅಳಿಯ ಪ್ರಶಾಂತ ಸಜ್ಜನ. ಅವನ ಗೆಳೆಯ ರಘುವನ್ನು ಕುರಿತು ಅಂಥ ಮಾತು ಹೇಳಲು ಸ್ವಲ್ಪ ಯೋಚಿಸಬೇಕು. ಇವರಿಬ್ಬರೂ ಇನ್ನಷ್ಟು ಗೆಳೆಯರೊಡನೆ ಪ್ರತಿ ಭಾನುವಾರ ಬೆಟ್ಟದ ಸೈಕಲ್ಲುಗಳನ್ನು ಕಾರಿಗೆ ಕಟ್ಟಿಕೊಂಡು ಊರಿನ ಪೂರ್ವಕ್ಕಿರುವ ಗುಡ್ಡಗಳಿಗೆ ಹೋಗುತ್ತಾರೆ. ಅಲ್ಲಿ ಜರಾ ಮರಗಳ ಕಾಡಿನ ನಡುವೆ, ಒಬ್ಬ ಸವಾರನಷ್ಟೇ ಹಿಡಿಯುವ ಕೆಂಪು ಜಾಡುಗಳು ಇಳಿದು, ಬಂಡೆ ಬಳಸಿ, ಕೊನೆಗೊಂದು ಕೆರೆಯ ಏರಿಯ ಬಳಿ ಮುಗಿಯುತ್ತವೆ. ನೆಲದ ತುಂಬ ಕಡಲೆಕಾಳಿನಂತೆ ದುಂಡಗಿನ ಜಂಬಿಟ್ಟಿಗೆಯ ಹರಳು. ಆ ಹರಳಿನ ಹುಟ್ಟಿನ ಬಗ್ಗೆ ಅರ್ಧ ದಿನ ಮಾತನಾಡಬಲ್ಲವನನ್ನು ಇವರು ಮೊದಲ ಭಾನುವಾರ ಕಾರು ನಿಲ್ಲಿಸುವ ಜಾಗದ ಬೆಂಚಿನ ಮೇಲೆ ಕೂರಿಸಿ, ಐಸ್‌ಪೆಟ್ಟಿಗೆ ಮತ್ತು ಬ್ಯಾಗುಗಳನ್ನು ಒಪ್ಪಿಸಿ ಹೋದರು. ಅದು ಮೂರನೆಯ ಬೆಂಚು. ಅಂದೇ ನಿಶ್ಚಯಿಸಿದೆ: ಆ ಜಾಡಿನಲ್ಲಿ ಒಮ್ಮೆ ಇಳಿಯದೆ ನಾನು ಸುಮ್ಮನಾಗುವುದಿಲ್ಲ.

ಅವಕಾಶ ನವರಾತ್ರಿಯ ರೂಪದಲ್ಲಿ ಬಂತು. ಇಲ್ಲಿ ಹಬ್ಬಗಳು ಪಂಚಾಂಗಕ್ಕಿಂತ ವಾರಾಂತ್ಯಕ್ಕೆ ಹೆಚ್ಚು ವಿಧೇಯವಾಗಿರುವುದರಿಂದ ಆಯುಧಪೂಜೆ ಶನಿವಾರ ಬಿತ್ತು. ಮಂತ್ರ ಬಲ್ಲ ಹಿರಿಯನೆಂದು ಸವಾರರೆಲ್ಲರೂ ತಮ್ಮ ಸೈಕಲ್ಲುಗಳನ್ನು ನನ್ನ ಗ್ಯಾರೇಜಿಗೇ ತಂದು ನಿಲ್ಲಿಸಿದರು. ಅವಕ್ಕೆ ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲಿಲ್ಲ; ಸ್ಟ್ಯಾಂಡೂ ಇಲ್ಲದೆ ಕುಡುಕರಂತೆ ಗೋಡೆಗೊರಗಿ ನಿಂತಿದ್ದವು. ನಾನು ಕುಂಕುಮದ ಬಟ್ಟಲು ಎತ್ತಿಕೊಂಡೆನೋ ಇಲ್ಲವೋ, ರಘು ತನ್ನ ಸೈಕಲ್ಲಿಗೆ ಅಡ್ಡಬಂದ.

"ಅಂಕಲ್, ಒಂದೇ ಒಂದು ಬೊಟ್ಟು ಸಾಕು. ಇದು ಕಾರ್ಬನ್ನು. ಕಲೆ ಆಗ್ಬಿಡತ್ತೆ."

ದೇವರಿಗೆ ಒಂದು ಬೊಟ್ಟಿನ ಮಿತಿ ಹಾಕುವವನನ್ನು ನಾನು ಅದೇ ಮೊದಲು ಕಂಡದ್ದು. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡು, ಪೂಜೆ ನಿಲ್ಲಿಸಿ ನನ್ನ ಷರತ್ತು ಮಂಡಿಸಿದೆ. ಆಯುಧವನ್ನು ಪೂಜಿಸಿದ ಕೈ ಮರುದಿನ ಆಯುಧ ಹಿಡಿಯಬೇಕು, ಅದು ಸಂಪ್ರದಾಯ. ನನಗೊಂದು ಸೈಕಲ್ ಗೊತ್ತುಮಾಡುವವರೆಗೆ ಮಂಗಳಾರತಿ ಇಲ್ಲ.

ಒಳಗಿನಿಂದ ವಿಮಲಾ, "ರೀ, ಕಡಲೆ ಉಸಲಿ ತಣ್ಣಗಾಗ್ತಿದೆ, ಅದೇನು ಹಠ" ಎಂದಳು. ಪ್ರಶಾಂತ ನಕ್ಕು, "ನನ್ ಹಳೇ ಬೈಕಿದೆ, ಅದನ್ನ ತಗೊಳ್ಳಿ ಮಾವ. ನಾಳೆ ಸುಲಭದ ಟ್ರೇಲಿಗೇ ಹೋಗೋಣ" ಎಂದ. ರಘು ಮಾತ್ರ, "ಹೆಲ್ತ್ ಇನ್ಶೂರೆನ್ಸ್ ಇದ್ಯಲ್ಲ ಅಂಕಲ್?" ಎಂದು ವಿಚಾರಿಸಿದ.

ಬೇರೆಯವರ ಸೈಕಲ್ಲುಗಳಿಗೆ ಅವರು ಕೇಳಿದಷ್ಟೇ ಬೊಟ್ಟಿಟ್ಟೆ. ಪ್ರಶಾಂತ ಹೋಗಿ ತಂದುಕೊಟ್ಟ ನನ್ನದಕ್ಕೆ ಮಾತ್ರ ಶಾಸ್ತ್ರೋಕ್ತವಾಗಿ ಮಾಡಿದೆ. ಆಯುಧಪೂಜೆಯಂದು ತಿರುಗುವುದಕ್ಕೆಲ್ಲ ಎಣ್ಣೆ ಕಾಣಿಸಬೇಕೆಂಬುದು ನಮ್ಮ ತಂದೆಯವರ ನಿಯಮ. ಚೈನಿಗೆ, ಪೆಡಲ್ಲಿಗೆ ಎಣ್ಣೆ ಬಿಟ್ಟೆ. ಆಮೇಲೆ ಗಾಲಿಯ ನಡುವೆ ಇನ್ನೊಂದು ಪುಟ್ಟ ಉಕ್ಕಿನ ಚಕ್ರ ಕಂಡಿತು. ತೆಳ್ಳಗೆ, ತೂತುತೂತಾಗಿ, ಥಳಥಳ ಹೊಳೆಯುತ್ತ ಸಾಕ್ಷಾತ್ ಸುದರ್ಶನದಂತಿತ್ತು. ಇಡೀ ವಾಹನದಲ್ಲಿ ದೈವಾಂಶವಿದ್ದದ್ದು ಅದೊಂದರಲ್ಲೇ ಎನ್ನಿಸಿತು. ನುಣುಪಾದ ಉಕ್ಕಿಗೆ ಒಣ ಕುಂಕುಮ ಹಿಡಿಯುವುದಿಲ್ಲ; ಆದ್ದರಿಂದ ಹರಳೆಣ್ಣೆಯಲ್ಲಿ ಕಲಸಿ ಹಿಂದೆ ಮುಂದೆ ಎರಡೂ ಚಕ್ರಗಳಿಗೆ, ಎರಡೂ ಮೈಗೆ, ಭಕ್ತಿಯಿಂದ ಲೇಪಿಸಿದೆ. ಸಂಜೆ ಪ್ರಶಾಂತ, "ಒಂದ್ಸಲ ಚೆಕ್ ಮಾಡ್ಕೊಡ್ಲಾ ಮಾವ?" ಎಂದ. ಪೂಜೆಯಾದ ವಾಹನವನ್ನು ಹೊರಡುವ ತನಕ ಯಾರೂ ಮುಟ್ಟಬಾರದೆಂದು ಗ್ಯಾರೇಜಿಗೆ ಬೀಗ ಹಾಕಿದೆ.

ಭಾನುವಾರ ಏರುವಾಗ ಬ್ರೇಕಿನ ಅವಶ್ಯಕತೆಯೇ ಬೀಳಲಿಲ್ಲ; ಬಹುಪಾಲು ತಳ್ಳಿಕೊಂಡೇ ಹತ್ತಿದೆ. ನೆತ್ತಿಯಲ್ಲಿ ಎಲ್ಲರೂ ನೀರು ಕುಡಿದು, "ಅಂಕಲ್ ಲಾಸ್ಟಲ್ಲಿ ನಿಧಾನಕ್ಕೆ ಬರ್ಲಿ" ಎಂದು ತೀರ್ಮಾನಿಸಿ ಒಬ್ಬರ ಹಿಂದೊಬ್ಬರು ಇಳಿದರು. ನಾನೂ ಹೊರಟೆ. ಮೊದಲ ತಿರುವಿನಲ್ಲಿ ಬ್ರೇಕು ಒತ್ತಿದಾಗ ಕಾಡೇ ಬೆಚ್ಚುವಂಥ ಒಂದು ಚೀತ್ಕಾರ ಹೊರಟಿತು. ಮರದ ಮೇಲಿನ ಕಪ್ಪು ಕಾಕಟೂಗಳು ಹಿಂಡಾಗಿ ಎದ್ದುಹೋದವು. ಸೈಕಲ್ಲಿನ ವೇಗದಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಲಿಲ್ಲ. ಇನ್ನಷ್ಟು ಬಿಗಿಯಾಗಿ ಒತ್ತಿದೆ; ಇನ್ನಷ್ಟು ಕಿರುಚಿತು. ಮುಂದಿದ್ದವರು ಆ ಸದ್ದು ಕೇಳಿ ಹಿಂದಿರುಗಿ ನೋಡಿ, ಒಬ್ಬೊಬ್ಬರಾಗಿ ಪೊದೆಗೆ ಸರಿದು ದಾರಿ ಬಿಟ್ಟರು. ಪ್ರಶಾಂತನ ಮುಖ ಒಂದು ಕ್ಷಣ ಕಂಡಿತು. ರಘುವಿನ ಮುಖ ಕಾಣುವಷ್ಟು ಅವಕಾಶವಾಗಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ.

ಆಗ ಮೈಸೂರು ಕೈಹಿಡಿಯಿತು. ಕಾಲು ಹಿಡಿಯಿತೆನ್ನುವುದೇ ಸರಿ. ಹಿಂದಿನ ದಿನ ನಾನು ಹೀನಾಯವಾಗಿ ಜರೆದಿದ್ದ ಸೈಕಲ್ಲಿಗೆ ಮಡ್‌ಗಾರ್ಡಿಲ್ಲದ್ದು ನನ್ನ ಪುಣ್ಯ. ಎಡಗಾಲನ್ನು ಎತ್ತಿ ಬೂಟಿನ ಅಂಗಾಲನ್ನು ಮುಂದಿನ ಟೈರಿಗೆ ಒತ್ತಿದೆ. ಬೆಟ್ಟದ ಟೈರಿನ ಗುಬುಟುಗಳು ಅಂಗಾಲನ್ನು ಕೊಬ್ಬರಿಯಂತೆ ತುರಿಯತೊಡಗಿದವು. ಬಂಡೆ, ಬೇರು, ಜಂಬಿಟ್ಟಿಗೆಯ ಹರಳು ಎಲ್ಲವೂ ನನ್ನ ಅಡಿಯಲ್ಲಿ ಗಡಗಡಿಸಿ ಸಾಗಿದವು. ಕೊನೆಗೆ ಕೆರೆಯ ಏರಿಯ ಏರು ಸಿಕ್ಕಿ, ಸೈಕಲ್ಲು ತಾನಾಗಿ ಸುಸ್ತಾಗಿ ನಿಂತಿತು. ನಾನು ನೀರಿನ ಕಡೆ ಮುಖಮಾಡಿ, ಅದೇ ನನ್ನ ಉದ್ದೇಶವಾಗಿತ್ತೆಂಬಂತೆ ನಿಂತಿದ್ದೆ. ಇಳಿಯಲು ಕಾಲುಗಳು ಒಪ್ಪಿರಲಿಲ್ಲ, ಅಷ್ಟೇ.

ರಘು ಏದುತ್ತ ಬಂದವನೇ ಮೊಬೈಲು ತೆಗೆದು, ಬೆಳಿಗ್ಗೆ ನನ್ನ ಮೊಬೈಲಿಗೂ ಹಾಕಿಕೊಟ್ಟಿದ್ದ, ಸವಾರರ ವೇಗ ಲೆಕ್ಕ ಹಾಕುವ ಆ್ಯಪ್ ನೋಡಿದ. "ಈ ಇಳಿಜಾರಲ್ಲಿ ನಮ್ ಗುಂಪಿಗೇ ಫಸ್ಟು ನೀವು. ಕಿರುಚ್ಕೊಂಡೇ ಬಂದ್ರಿ, ಬ್ರೇಕೇ ಹಾಕ್ಲಿಲ್ವಲ್ಲ ಅಂಕಲ್" ಎಂದ. ಮೂರು ನಗರಗಳಲ್ಲಿ ಯಾರೂ ನನ್ನನ್ನು ಆ ಧ್ವನಿಯಲ್ಲಿ ಮಾತನಾಡಿಸಿರಲಿಲ್ಲ. "ಬ್ರೇಕಿನ ಮೇಲೆ ಅವಲಂಬಿಸಬಾರದಪ್ಪ" ಎಂದೆ. ಅದು ಸುಳ್ಳೇನೂ ಅಲ್ಲ.

ಸಂಜೆ ಪ್ರಶಾಂತ ಸೈಕಲ್ ತೊಳೆಯುತ್ತ ಆ ಉಕ್ಕಿನ ಚಕ್ರಕ್ಕೆ ಬೆರಳು ಸವರಿ, ಮೂಗಿಗೆ ಹಿಡಿದು, ಕೆಳದನಿಯಲ್ಲಿ ಕೇಳಿದ: "ಹರಳೆಣ್ಣೆನಾ ಮಾವ?" ಬ್ರೇಕು ಹಿಡಿಯುವುದೇ ಆ ಚಕ್ರವನ್ನೆಂದು ನನಗೆ ಆಗ ತಿಳಿಯಿತು. ಅವನು ಬ್ರೇಕಿಗೆ ಹೊಸ ಪ್ಯಾಡು ಹಾಕಿದ, ಯಾರಿಗೂ ಹೇಳಲಿಲ್ಲ. ಸಜ್ಜನರ ಮೌನ ಎಷ್ಟು ಭಾರವೆಂಬುದು ಅಂಥ ಅಳಿಯನಿರುವ ಮಾವಂದಿರಿಗೇ ಗೊತ್ತು.

ಮುಂದಿನ ಭಾನುವಾರ ನನ್ನ ಗೌರವಾರ್ಥವಾಗಿ ಅತ್ಯಂತ ಕಡಿದಾದ ಜಾಡನ್ನು ಆರಿಸಲಾಗಿತ್ತು. ಕಾರುಗಳನ್ನು ಈ ಸಲ ನೆತ್ತಿಯಲ್ಲೇ, ಒಂದು ಬೆಂಚಿನ ಪಕ್ಕ ನಿಲ್ಲಿಸಿದ್ದರು. ಜಾಡಿನ ಬಾಯಲ್ಲಿ ನಿಂತು ಕೆಳಗೆ ನೋಡಿದೆ. ಕೆರೆ ಇತ್ತು; ಬಹಳ ಕೆಳಗಿತ್ತು. ಗಂಟಲು ಸರಿಮಾಡಿಕೊಂಡು, "ಬ್ಯಾಗುಗಳನ್ನು ನೋಡಿಕೊಳ್ಳಲು ಒಬ್ಬರಾದರೂ ಬೇಕಲ್ಲ" ಎಂದೆ.

"ಯಾಕ್ ಅಂಕಲ್? ಕಾರಲ್ಲಿ ಹಾಕಿ ಲಾಕ್ ಮಾಡಿದ್ರಾಯ್ತಲ್ಲ" ಎಂದ ರಘು.

"ಹಾಗಾದರೆ ಅವತ್ತು ನನ್ನನ್ನೇಕೆ ಕೂರಿಸಿದ್ದಿರಿ?"

"ನಿಮ್ಗೂ ಏನಾದ್ರೂ ಕೆಲ್ಸ ಇರ್ಲಿ ಅಂತ."

ಪ್ರಶಾಂತ ಮುಖ ತಿರುಗಿಸಿ ಚೈನು ನೋಡತೊಡಗಿದ. ಚಪ್ಪಲಿಗಳು, ಐಬಿಸ್ ಹಕ್ಕಿ, ಬಾಳೆಹಣ್ಣು, ಐಸ್‌ಪೆಟ್ಟಿಗೆ ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಇಂಥ ಮಾತು ಕೇಳಿದ ಮೇಲೆ ಯಾವ ಮಾನವಂತನೂ ಬೆಂಚಿನ ಮೇಲೆ ಕೂರಲಾರ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಸೈಕಲ್ ಹತ್ತಿದೆ. ಹೊರಡುವ ಮುನ್ನ ಒಮ್ಮೆ ಹಿಂದಿರುಗಿ ನೋಡಿದೆ. ಮರದ ಕೆಳಗೆ ಬೆಂಚು ಖಾಲಿಯಿತ್ತು, ಮೇಲೆ ತಂಪಾದ ನೆರಳಿತ್ತು. ಅಷ್ಟು ಒಳ್ಳೆಯ ಬೆಂಚನ್ನು ನಾನು ಮೂರು ನಗರಗಳಲ್ಲೂ ಕಂಡಿರಲಿಲ್ಲ.