ಗೋಧಿಬಣ್ಣದ ನಕ್ಷತ್ರ ಮತ್ತು ನನ್ನ ಕರಿ ಪೆನ್ನು

ಊಹಿಸಿ ನೋಡೋಣ. ಒಂದು ದಪ್ಪ ನೋಟ್‌ಬುಕ್ಕು, ಒಂದು ಗೋಂದಿನ ಡಬ್ಬಿ, ಒಂದು ಕರಿ ಪೆನ್ನು. ಇಷ್ಟನ್ನು ಕೈಗೆ ಕೊಟ್ಟರೆ, ರೈಲ್ವೆಯಿಂದ ನಿವೃತ್ತನಾದ ಮನುಷ್ಯ ಮಲ್ಕಾಜ್‌ಗಿರಿಯ ಮನೆಯಲ್ಲಿ ಕುಳಿತು ಏನೇನು ಮಾಡಬಲ್ಲ? ನೀವು ಏನೇ ಊಹಿಸಿ, ನಾನು ಅದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದ್ದೇನೆ. ನನ್ನ ಕೈಯಲ್ಲಿ ಇಂಥವು ಆಗುತ್ತಲೇ ಇರುತ್ತವೆ.

ನೋಟ್‌ಬುಕ್ಕು ಕೊಟ್ಟವಳು ನನ್ನ ಹೆಂಡತಿಯ ತಂಗಿಯ ಮಗಳು. ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಲೆಕ್ಕ ಕಲಿಸುತ್ತಾಳೆ, ನಮ್ಮಲ್ಲೇ ಇರುತ್ತಾಳೆ. ಒಂದು ಕವಿತೆ ಬರೆಯಬೇಕಂತೆ, ಅದರ ಸುತ್ತ ಬಟ್ಟೆ, ಎಲೆ, ಹಳೇ ಟಿಕೇಟು, ಬಣ್ಣ ಏನು ಬೇಕಾದರೂ ಅಂಟಿಸಬೇಕಂತೆ. ಆರ್ಟ್ ಜರ್ನಲ್ ಅಂತ ಅದಕ್ಕೆ ಹೆಸರು. ಆಗಲೇ ಅವಳಿಗೆ ವರ ಹುಡುಕುತ್ತಿದ್ದೆವು. ಬಂದವರನ್ನೆಲ್ಲ ಬೇಡ ಎಂದವಳು ಸನತ್‌ನಗರದ ಫ್ಯಾಕ್ಟರಿಯ ಒಬ್ಬ ಸೂಪರ್‌ವೈಸರ್ ಹುಡುಗನ ಫೋಟೋ ನೋಡಿ ಮಾತ್ರ "ನೋಡೋಣು" ಎಂದಿದ್ದಳು. ಆ ಒಂದು "ನೋಡೋಣು"ವನ್ನು ನನ್ನ ಹೆಂಡತಿ ಗಾಜಿನ ಬಳೆಯ ಹಾಗೆ ಜೋಪಾನ ಮಾಡುತ್ತಿದ್ದಳು.

ಮೊದಲ ಓದುಗರು

ಮೊದಲ ಪುಟದಲ್ಲಿ ಹೆಂಡತಿಯ ಜೋಳದ ರೊಟ್ಟಿಯ ಮೇಲೆ ಕವಿತೆ ಬರೆದೆ. ಹದಿನಾರು ಸಾಲು. ರೊಟ್ಟಿಯ ಚಿತ್ರ ಬಿಡಿಸಲು ಬರಲಿಲ್ಲ, ರೊಟ್ಟಿಯನ್ನೇ ಒಂದು ಚೂರು ಮುರಿದು ಅಂಟಿಸಿದೆ. ಮೂರನೇ ದಿನ ತೆರೆದರೆ ಪುಟದ ತುಂಬ ಇರುವೆ. ರೊಟ್ಟಿಯನ್ನು ಪೂರಾ ಹೊತ್ತುಕೊಂಡು ಹೋಗಿದ್ದವು, ಕವಿತೆ ಮಾತ್ರ ಅಲ್ಲೇ ಇತ್ತು.

ಹೆಂಡತಿ ಬಗ್ಗಿ ನೋಡಿ, "ಇರುವಿಗೂ ರುಚಿ ಗೊತ್ತೈತಿ ನೋಡ್ರಿ" ಅಂದಳು.

ಜರಿ

ಎರಡನೆಯದು ಚಂದ್ರನ ಮೇಲೆ. ಚಂದ್ರನಿಗೆ ಜರಿ ಬೇಕಲ್ಲ? ಟ್ರಂಕಿನಲ್ಲಿ ಒಂದು ರೇಷ್ಮೆ ಸೀರೆ ಸಿಕ್ಕಿತು, ಅಂಚಿನಿಂದ ಎರಡಿಂಚು ಕತ್ತರಿಸಿದೆ. ಆ ಸನತ್‌ನಗರದವರು ನೋಡಲು ಬಂದಾಗ ಹುಡುಗಿಗೆ ಉಡಿಸಬೇಕೆಂದು ಎತ್ತಿಟ್ಟಿದ್ದ ಸೀರೆ ಅದು ಎಂಬುದು, ಹೆಂಡತಿ ಅದನ್ನು ಬಿಸಿಲಿಗೆ ಹರವಿದಾಗ ತಿಳಿಯಿತು. ನಾನೂ ಸುಮ್ಮನಿರಲಿಲ್ಲ. ಸೊಂಟದ ಒಳಗೆ ಸಿಗಿಸುವ ತುದಿಯನ್ನೇ ನೋಡಿ ಕತ್ತರಿಸಿದ್ದೇನೆ, ಉಟ್ಟರೆ ಯಾರಿಗೂ ಕಾಣದು ಎಂದು ವಾದ ಮಾಡಿದೆ.

"ಹಂಗಾರ ನಿಮ್ಮ ಕವಿತೀನೂ ಒಳಗ ಸಿಗಿಸಿಡ್ರಿ," ಅಂದಳು, "ಅದೂ ಯಾರಿಗೂ ಕಾಣಬಾರದು."

ಬಳಿದದ್ದು

ಈಗ ಮುಖ್ಯ ಸಂಗತಿ. ಅಚ್ಚಾದ ಯಾವುದಾದರೂ ಹಾಳೆ ತೆಗೆದುಕೊಂಡು, ಬೇಕಾದ ನಾಲ್ಕು ಮಾತು ಬಿಟ್ಟು ಉಳಿದದ್ದಕ್ಕೆಲ್ಲ ಕರಿ ಬಳಿದರೆ ಉಳಿದದ್ದೇ ಕವಿತೆ ಎಂದು ಹುಡುಗಿ ಹೇಳಿಕೊಟ್ಟಿದ್ದಳು. ಬರೆಯುವ ಕಷ್ಟವೇ ಇಲ್ಲ, ಅಳಿಸಿದರೆ ಸಾಕು. ನನಗೆ ಹೇಳಿ ಮಾಡಿಸಿದ ಕಲೆ.

ಊಟದ ಮೇಜಿನ ಮೇಲೆ ಅವಳ ಬಯೋಡೇಟಾದ ಒಂದಷ್ಟು ಪ್ರತಿ ಇದ್ದವು. ಹುಡುಗನ ತಂದೆಗೆ ಮೊಬೈಲಿನಲ್ಲಿ ಬಂದದ್ದರ ಮೇಲೆ ನಂಬಿಕೆಯಿಲ್ಲ, ಕಾಗದವೇ ಬೇಕಂತೆ. ಇಷ್ಟರಲ್ಲಿ ಒಂದು ಹೋದರೇನು ಎಂದು ಒಂದನ್ನು ಎಳೆದುಕೊಂಡೆ. ಹೆಸರು, ಓದು, ಗೋತ್ರ, ಫೋನ್ ನಂಬರು ಎಲ್ಲಕ್ಕೂ ನೀಟಾಗಿ ಕರಿ ಬಳಿದೆ. ಉಳಿದದ್ದು ಇಷ್ಟು:

ಗೋಧಿಬಣ್ಣದ
ನಕ್ಷತ್ರ
ಲೆಕ್ಕ ಕಲಿಸುತ್ತಾಳೆ
ಬರಲು ಸಿದ್ಧ

ನನಗೇ ಮೈ ಜುಮ್ಮೆಂದಿತು. ಹಾಳೆ ಸುರುಳಿಯಾಗದಿರಲಿ ಎಂದು ಬೋರಲು ಹಾಕಿ, ಅದೇ ಕಟ್ಟಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಹೆಂಡತಿ, ಕನ್ನಡಕ ಇಲ್ಲದೆ, ಮೇಲಿನ ಹಾಳೆ ಮಡಚಿ ಲಕೋಟೆಗೆ ಹಾಕಿ ಅಂಟಿಸಿದ್ದಳು. ಅದನ್ನು ಅಂಚೆ ಕಚೇರಿಗೆ ಒಯ್ದವನು ಯಾರು? ನಾನೇ. ಲಕೋಟೆಯ ಹಿಂದೆ ನಮ್ಮ ವಿಳಾಸ ಸರಿಯಿದೆಯೇ ಎಂದು ಎರಡು ಸಲ ಓದಿ, ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ತಂದು ಹೆಂಡತಿಗೆ ಒಪ್ಪಿಸಿದೆ.

ಸಂಜೆ ಕವಿತೆ ಹುಡುಕತೊಡಗಿದಾಗ ಎಲ್ಲ ಬಯಲಾಯಿತು. ಹುಡುಗಿ ಕೇಳಿದಳು:

"ದೊಡ್ಡಪ್ಪ, ನನ್ನ ಹೆಸರರೆ ಉಳಿಸೀರಿಲ್ಲೋ?"

"ಇಲ್ಲವ್ವ," ಅಂದೆ, "ಲಯಕ್ಕ ಕೂಡಲಿಲ್ಲ."

ಬಂದರು

ಆಮೇಲಿನ ಮೂರು ದಿನ ನಮ್ಮ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಫೋನ್ ಮಾಡಿ ಕ್ಷಮೆ ಕೇಳುತ್ತೇನೆಂದರೆ ಹೆಂಡತಿ ಫೋನನ್ನೇ ಎತ್ತಿಟ್ಟಳು, ಇನ್ನೇನು ಬಳಿಯುತ್ತೇನೋ ಎಂಬ ಭಯಕ್ಕೆ. ಹುಡುಗಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಆದರೆ ಗೇಟು ಸದ್ದಾದಾಗಲೆಲ್ಲ ಪೆನ್ನು ಕೆಳಗಿಟ್ಟು ಕಿವಿಗೊಡುತ್ತಿದ್ದಳು. ಅದನ್ನು ನೋಡುವುದೇ ನನಗೆ ದೊಡ್ಡ ಶಿಕ್ಷೆಯಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಗೇಟಿನಲ್ಲಿ ಹುಡುಗನ ತಂದೆ. ಹಿಂದೆ ಹುಡುಗ, ತಲೆ ತಗ್ಗಿಸಿಕೊಂಡು. ಹೇಳದೆ ಕೇಳದೆ ಬಂದದ್ದಕ್ಕೆ ಅವರು ಕೊಟ್ಟ ಕಾರಣ ನ್ಯಾಯವಾಗಿಯೇ ಇತ್ತು. ಫೋನ್ ನಂಬರು ನಾನು ಉಳಿಸಿರಲಿಲ್ಲ, ಲಕೋಟೆಯ ಹಿಂದಿನ ವಿಳಾಸವೇ ಗತಿಯಾಗಿತ್ತು. ಕುರ್ಚಿಯಲ್ಲಿ ಕುಳಿತು ಜೇಬಿನಿಂದ ಎರಡು ಹಾಳೆ ತೆಗೆದರು. ಒಂದು ನನ್ನದು. ಇನ್ನೊಂದೂ ಕಪ್ಪಗಿತ್ತು.

"ನಿಮ್ಮ ಕಾಗದ ಓದಿ ನನ್ನ ಮಗ ರಾತ್ರಿಯೆಲ್ಲ ನಕ್ಕಾನ್ರಿ," ಅಂದರು. "ಮುಂಜಾನಿ ಎದ್ದು ನೋಡ್ತೀನಿ, ತನ್ನ ಬಯೋಡೇಟಾಕ್ಕ ಹಿಂಗ ಮಾಡ್ಯಾನ."

ಹುಡುಗಿ ಅಡುಗೆಮನೆಯ ಬಾಗಿಲಿನಿಂದಲೇ ಕೈ ಚಾಚಿ ಆ ಹಾಳೆ ಇಸಿದುಕೊಂಡಳು. ಅದರಲ್ಲಿ ಉಳಿದಿದ್ದದ್ದು:

ಐದಡಿ ಎಂಟಂಗುಲ
ನಿಮ್ಮ ಉತ್ತರಕ್ಕೆ
ಕಾದಿದೆ

ಅವಳು ನಕ್ಕದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಆಮೇಲೆ ಹುಡುಗನ ಕಡೆ ನೋಡಿ, "ಲೆಕ್ಕ ಸರಿ ಐತಿ" ಅಂದಳು. ಹುಡುಗನ ಕಿವಿ ಕೆಂಪಾಯಿತು. ನನ್ನ ಹೆಂಡತಿ ಮಾತ್ರ ಇನ್ನೂ ಗಾಬರಿಯಲ್ಲೇ ಇದ್ದಳು. ಒಳಗಿನಿಂದ ಹುಡುಗಿಯ ಜಾತಕ ತಂದು, ಇದಕ್ಕೆ ಯಾರೂ ಏನೂ ಬಳಿದಿಲ್ಲ, ನಮ್ಮ ಯಜಮಾನರ ಕೈಗೇ ಸಿಗದ ಹಾಗೆ ಇಟ್ಟಿದ್ದೆ ಎಂದು ಅವರ ಮುಂದೆ ಹಿಡಿದಳು.

ಅವರು ಜಾತಕ ಮುಟ್ಟಲೇ ಇಲ್ಲ. ಒಮ್ಮೆ ಮಗನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಇರ್ಲಿ ಬಿಡ್ರಿ ಅಕ್ಕಾರ," ಅಂದರು. "ನಮ್ಮ ಮನ್ಯಾಗೊಬ್ಬ ಹುಚ್ಚ, ನಿಮ್ಮ ಮನ್ಯಾಗೊಬ್ಬ ಹುಚ್ಚ. ಜಾತಕ ಕೂಡಿತು."